ಕೈಹೊಲಿಗೆಯ ತೊಗಲಿನ ಒರೆ

(ರೈತರ ಕೂಟದಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಗ್ರಾಮಸೇವಕನು ಮಾತಾಡಲು ಎದ್ದು ನಿಂತರೆ ಬೀಜ, ಗೊಬ್ಬರ, ಔಷಧಿ ಇವೇ ಬರುವವೆಂದು ತಾವು ಎಣಿಸಿರಬಹುದು. ಇಂದು ನಾನು ರಿವಾಲ್ವರಿನ ಒರೆಯ ವಿಷಯವಾಗಿ ನಾಲ್ಕು ಮಾತು ಹೇಳುವವನಿದ್ದೇನೆ. ಹಿಂದೆ ಕುಳಿತ ಕೆಲವರು ನಗುತ್ತಿರುವದು ನನಗೆ ಕಾಣುತ್ತದೆ. ನಗಬೇಕಾದ ಮಾತೇ ಸರಿ. ನಮ್ಮ ಹಳ್ಳಿಗಳಲ್ಲಿ ರಿವಾಲ್ವರ್ ಇದ್ದವರು ಬೆರಳಲ್ಲಿ ಎಣಿಸುವಷ್ಟು ಜನ. 1959ರ ಶಸ್ತ್ರಾಸ್ತ್ರ ಕಾಯಿದೆಯ ಮೇರೆಗೆ ಲೈಸನ್ಸ್ ಇಲ್ಲದೆ ಅದನ್ನು ಯಾರೂ ಇಟ್ಟುಕೊಳ್ಳುವಂತಿಲ್ಲ. ಅದನ್ನು ಕೊಳ್ಳಿರೆಂದು ಹೇಳಲು ನಾನು ಬಂದವನೂ ಅಲ್ಲ. ಆದರೆ ಅದರ ಒರೆಯನ್ನು ಮಾಡುವ ಕೈಕೆಲಸದಲ್ಲಿ ನಮಗೆ ಬೇಕಾದ ವಿದ್ಯೆಯೊಂದು ಇದೆ. ಅದನ್ನು ಬಲ್ಲ ಕೈಗಳೂ ನಮ್ಮ ಅಥಣಿ ಸೀಮೆಯಲ್ಲೇ ಇವೆ. ಅಷ್ಟನ್ನು ಹೇಳಲು ನಿಂತಿದ್ದೇನೆ.

ಮೊದಲು ನನ್ನ ತೊಡೆಯ ಕಥೆ. ಕೃಷಿ ಡಿಪ್ಲೊಮಾ ಓದುವಾಗ ದ್ರಾಕ್ಷಿ ತೋಟವೊಂದರಲ್ಲಿ ಚಾಟಣಿ ಕಲಿಯಲು ನಮ್ಮನ್ನು ಕಳಿಸಿದ್ದರು. ಕತ್ತರಿಯನ್ನು ಪ್ಯಾಂಟಿನ ಕಿಸೆಯಲ್ಲಿ ಇಳಿಬಿಟ್ಟುಕೊಂಡು ಚಪ್ಪರದ ಕೆಳಗೆ ಸ್ಟೂಲ್ ಹತ್ತಿದೆ. ಇಳಿಯುವಾಗ ಕಾಲು ಜಾರಿ ಕುಕ್ಕರಿಸಿದೆ. ಕತ್ತರಿಯ ಕೊಂಡಿ ಬಿಚ್ಚಿಕೊಂಡು ಅದರ ಮೊನೆ ಕಿಸೆಯ ಬಟ್ಟೆ ಹರಿದು ತೊಡೆಗೆ ಇಳಿಯಿತು. ನಾಲ್ಕು ಹೊಲಿಗೆ ಬಿದ್ದವು, ಧನುರ್ವಾಯುವಿನ ಇಂಜೆಕ್ಷನ್ ಆಯಿತು, ಎಂಟು ದಿನ ಕುಂಟಿದೆ. ತಪ್ಪು ಕತ್ತರಿಯದಲ್ಲ, ನನ್ನದು. ಹರಿತವಾದ ವಸ್ತುವಿಗೆ ಅದರದೇ ಆದ ಮನೆ ಬೇಕು. ನಾನು ಅದನ್ನು ನನ್ನ ಕಿಸೆಯಲ್ಲಿ ಬಾಡಿಗೆಗೆ ಇಟ್ಟಿದ್ದೆ. ಇಲ್ಲಿ ಕುಳಿತವರಲ್ಲಿಯೂ ಕುಡಗೋಲನ್ನು ಸೊಂಟದ ದಾರಕ್ಕೆ ಸಿಕ್ಕಿಸಿಕೊಂಡು ಬದು ಹಾರುವವರು, ಕಬ್ಬು ಕಡಿಯುವ ಕೊಯ್ತಾವನ್ನು ಮೋಟರ್ ಸೈಕಲ್ಲಿನ ಹಿಂದೆ ಬರಿಯಾಗಿ ಕಟ್ಟಿಕೊಂಡು ಬರುವವರು ಎಷ್ಟು ಜನ ಇದ್ದೀರಿ ಎಂಬುದು ತಮಗೇ ಗೊತ್ತು.

ಇನ್ನು ರಿವಾಲ್ವರಿನ ಮಾತು. ನಮ್ಮ ವಲಯದ ಹಳ್ಳಿಯೊಂದರಲ್ಲಿ ಸೈನ್ಯದಿಂದ ನಿವೃತ್ತರಾಗಿ ಬಂದ ಸುಬೇದಾರರೊಬ್ಬರು ಇದ್ದಾರೆ. ಅವರ ಲೈಸನ್ಸಿನ ರಿವಾಲ್ವರಿನ ಹಳೆಯ ಒರೆ ಹೊಲಿಗೆ ಬಿಚ್ಚಿ ಹಾಳಾಗಿತ್ತು. ಅವರು ಪೇಟೆಗೆ ಹೋಗದೆ ಅದನ್ನು ಊರಿನ ಸಮಗಾರ ಹಿರಿಯರ ಮನೆಗೆ ಒಯ್ದರು. ನಾನೂ ಜೊತೆಗೆ ಹೋದೆ. ಆ ಹಿರಿಯರು ನಾಲ್ವತ್ತು ವರ್ಷ ಚಪ್ಪಲಿ ಹೊಲಿದವರು. ರಿವಾಲ್ವರಿನ ಒರೆಯನ್ನು ಎಂದೂ ಮಾಡಿದವರಲ್ಲ. ಹಳೆಯ ಒರೆಯ ಉಳಿದ ಹೊಲಿಗೆಯನ್ನೂ ಬಿಚ್ಚಿ, ತೊಗಲನ್ನು ಕಲ್ಲಿನ ಮೇಲೆ ಹರವಿ, ಬಹಳ ಹೊತ್ತು ನೋಡಿದರು.

"ಅಜ್ಜಾರ, ಆಗ್ತದೇನ್ರಿ?" ಎಂದೆ.

"ಆಗದ ಏನೈತ್ರಿ ಸಾಹೇಬ್ರ. ಚಪ್ಪಲಿ ಕಾಲಿನ ಅಳತಿಗೆ ಕೂಡ್ರತೈತಿ, ಇದು ಕಬ್ಬಿಣದ ಅಳತಿಗೆ ಕೂಡ್ರಬೇಕು. ಆದ್ರ ಅವಸರ ಮಾಡಂಗಿಲ್ಲ" ಎಂದರು.

ಆ ಕೊನೆಯ ಮಾತು ನನಗೆ ಆಗ ತಿಳಿಯಲಿಲ್ಲ. ತಿಳಿದದ್ದು ಹೇಗೆಂಬುದನ್ನು ಮುಂದೆ ಹೇಳುತ್ತೇನೆ.

ಒರೆ ಎಂದರೆ ಬರಿಯ ಚೀಲವಲ್ಲ. ಮೊದಮೊದಲು ಪಿಸ್ತೂಲನ್ನು ಕುದುರೆಯ ಜೀನಿನ ಮುಂದೆ ಎರಡು ಕಡೆ ತೂಗಬಿಟ್ಟ ತೊಗಲಿನ ಕೊಳವೆಗಳಲ್ಲಿ ಇಡುತ್ತಿದ್ದರು. 1836ರಲ್ಲಿ ಅಮೇರಿಕೆಯ ಸ್ಯಾಮ್ಯುಯೆಲ್ ಕೋಲ್ಟ್ ತಿರುಗುವ ಉರುಳೆಯ ರಿವಾಲ್ವರಿಗೆ ಆ ದೇಶದ ಪೇಟೆಂಟ್ ಪಡೆದನು. ಮುಂದೆ ಅದು ಜೀನಿನಿಂದ ಸವಾರನ ಸೊಂಟಕ್ಕೆ ಬಂತು. ಅದಕ್ಕೆ ಒರೆ ಹೊಲಿದವರು ಬೇರೆ ಯಾರೂ ಅಲ್ಲ, ಅಲ್ಲಿಯ ಜೀನು ಹೊಲಿಯುವವರೇ. ಅಂದರೆ ರೈತರ ಕುದುರೆಗೆ ಲಗಾಮು, ಪಟ್ಟಿ ಮಾಡುತ್ತಿದ್ದ ಹಳ್ಳಿಯ ತೊಗಲಿನ ಕಸುಬಿನವರು. ಸಿನೆಮಾದಲ್ಲಿ ಕಾಣುವ, ತೊಡೆಯವರೆಗೆ ಇಳಿಬಿದ್ದು ಮಿಂಚಿನಂತೆ ಎಳೆಯುವ ಒರೆ ಬಹುಮಟ್ಟಿಗೆ ಸಿನೆಮಾದವರದೇ ಸೃಷ್ಟಿ. ದನ ಕಾಯುವವನಿಗೆ ಬೇಕಾದದ್ದು ಕುದುರೆ ಓಡುವಾಗ ಬೀಳದ ಒರೆ.

ನಮ್ಮ ದೇಶದಲ್ಲಿಯೂ ಇದರ ಒಂದು ಕಥೆ ಇದೆ. ಸ್ಯಾಮ್ ಬ್ರೌನ್ ಎಂಬ ಬ್ರಿಟಿಷ್ ಅಶ್ವದಳದ ಅಧಿಕಾರಿ 1858ರಲ್ಲಿ ಉತ್ತರ ಹಿಂದುಸ್ತಾನದ ಕಾಳಗವೊಂದರಲ್ಲಿ ಎಡಗೈಯನ್ನು ಕಳೆದುಕೊಂಡನು. ಒರೆಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದರಿಂದ ಕತ್ತಿ ಹಿರಿಯುವದು ಅವನಿಗೆ ಆಗದಾಯಿತು. ಅದಕ್ಕಾಗಿ ಅವನು ಸೊಂಟದ ಪಟ್ಟಿಗೆ ಹೆಗಲ ಮೇಲಿನಿಂದ ಅಡ್ಡಪಟ್ಟಿಯೊಂದನ್ನು ಕೂಡಿಸಿ, ಒರೆ ಅಲುಗಾಡದಂತೆ ಮಾಡಿಕೊಂಡನು. ಇಂದಿಗೂ ಪೋಲೀಸ್ ಅಧಿಕಾರಿಗಳ ಮೈಮೇಲೆ ಕಾಣುವ ಆ ಅಡ್ಡಪಟ್ಟಿಗೆ ಅವನ ಹೆಸರೇ ಇದೆ. ಅವನು ಯಾರ ವಿರುದ್ಧ ಕಾದಿದನೆಂಬುದು ನಮಗೆ ಗೊತ್ತೇ ಇದೆ. ಅವನನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಒಂದೇ ಕೈಯಿಂದ, ಕಣ್ಣಿಟ್ಟು ನೋಡದೆ, ತೆಗೆಯಲು ಮತ್ತು ತಿರುಗಿ ಇಡಲು ಬಂದರೆ ಮಾತ್ರ ಅದು ಒರೆ ಎಂಬುದನ್ನು ಲಕ್ಷ್ಯದಲ್ಲಿ ಇಟ್ಟುಕೊಳ್ಳಬೇಕು. ದ್ರಾಕ್ಷಿಯ ಚಪ್ಪರದ ಕೆಳಗೆ ನಿಂತವನೂ ಒಂದು ಕೈಯಲ್ಲಿ ಬಳ್ಳಿ ಹಿಡಿದಿರುತ್ತಾನೆ. ಅವನಿಗೂ ಉಳಿದದ್ದು ಒಂದೇ ಕೈ.

ಈಗ ಕೆಲಸಕ್ಕೆ ಬರೋಣ.

ಮೊದಲನೆಯದು ತೊಗಲು. ಅಂಗಡಿಯಲ್ಲಿ ಸಿಗುವ ಮೆತ್ತನೆಯ ತೊಗಲು ಹೆಚ್ಚಾಗಿ ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ್ದು. ಬ್ಯಾಗಿಗೆ, ಬೂಟಿಗೆ ಅದು ಚೆನ್ನ, ಒರೆಗೆ ಬಾರದು. ಅದನ್ನು ಒದ್ದೆ ಮಾಡಿ ಒತ್ತಿದರೂ ಆಕಾರವನ್ನು ಹಿಡಿದು ನಿಲ್ಲದು. ಒರೆಗೆ ಬೇಕಾದದ್ದು ಗಿಡದ ತೊಗಟೆ, ಕಾಯಿಗಳಲ್ಲಿ ಹದ ಮಾಡಿದ ತೊಗಲು. ನಮ್ಮ ಭಾಗದಲ್ಲಿ ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದ ಚರ್ಮವನ್ನು ಚೀಲದಂತೆ ಹೊಲಿದು, ಜಾಲಿಯ ತೊಗಟೆ ಮತ್ತು ಅಣಲೆಕಾಯಿಯ ರಸವನ್ನು ಅದರೊಳಗೆ ತುಂಬಿ ತೂಗುಹಾಕುವ ಪದ್ಧತಿ ಹಳೆಯದು. ಕೊಲ್ಲಾಪುರಿ ಚಪ್ಪಲಿಯ ಗಟ್ಟಿತನದ ಗುಟ್ಟು ಇದೇ. 2019ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಗುರುತಿನ ಮಾನ್ಯತೆ ಬಂದಾಗ ಮಹಾರಾಷ್ಟ್ರದ 4 ಜಿಲ್ಲೆಗಳೊಡನೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದ್ದು ತಮಗೆ ನೆನಪಿರಬಹುದು.

ಗುರುತಿಸುವದು ಹೇಗೆ? ತೊಗಲಿನ ಅಂಚನ್ನು ಹೊಸದಾಗಿ ಕೊಯ್ದು ನೋಡಿರಿ. ನಡುವೆ ನೀಲಿ ಅಥವಾ ಬೂದು ಬಣ್ಣ ಕಂಡರೆ ಅದು ಕ್ರೋಮಿನದು; ಉದ್ದಕ್ಕೂ ಕಂದು ಬಣ್ಣವಿದ್ದರೆ ತೊಗಟೆಯದು. ಮೇಲೆ ಒಂದು ಹನಿ ನೀರು ಬಿಟ್ಟರೆ ತೊಗಟೆಯ ತೊಗಲು ಅದನ್ನು ಕುಡಿದು ಕಪ್ಪಗಾಗುವದು. ದಪ್ಪ 3 ರಿಂದ 4 ಮಿಲಿಮೀಟರ್ ಇರಲಿ. ಬೆನ್ನಿನ ಭಾಗದ ತುಂಡನ್ನೇ ಕೇಳಿ ಪಡೆಯಿರಿ. ಹೊಟ್ಟೆಯ ಭಾಗದ ತೊಗಲು ಅಗ್ಗವಾಗಿ ಸಿಕ್ಕರೂ ನಾಲ್ಕು ತಿಂಗಳಲ್ಲಿ ಜೋಲುಬೀಳುವದು.

ಎರಡನೆಯದು ಅಚ್ಚು. ಸುಬೇದಾರರು ಇಲ್ಲಿ ಮೆಚ್ಚುವಂಥ ಕೆಲಸ ಮಾಡಿದರು. ರಿವಾಲ್ವರನ್ನು ಅವರು ಹಿರಿಯರ ಮನೆಗೆ ತರಲೇ ಇಲ್ಲ. ತಮ್ಮ ಮನೆಯಲ್ಲಿ ಗುಂಡು ತೆಗೆದು, ಉರುಳೆಯ ಮನೆಗಳನ್ನು ಎರಡು ಸಲ ನೋಡಿ, ಅಳತೆಗಳನ್ನೆಲ್ಲ ಬರೆದುಕೊಂಡು, ಬಡಿಗೇರರಿಂದ ಅದೇ ಆಕಾರದ ಕಟ್ಟಿಗೆಯ ಅಚ್ಚನ್ನು ಮಾಡಿಸಿ ತಂದರು. "ಹುಡುಗರು ಓಡಾಡೋ ಮನಿಗೆ ಅದನ್ನ ಯಾಕ ಒಯ್ಯಬೇಕು" ಎಂದರು. ಅದರಿಂದ ಇನ್ನೊಂದು ಲಾಭವೂ ಆಯಿತು. ಒದ್ದೆ ತೊಗಲಿಗೆ ಕಬ್ಬಿಣ ತಾಗಿದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುವದು, ತೊಗಲಿಗೆ ಕರಿಯ ಕಲೆ ಬೀಳುವದು. ಅಣಲೆಕಾಯಿಯ ಕಷಾಯಕ್ಕೆ ತುಕ್ಕಿನ ಮೊಳೆ ಹಾಕಿ ಹಿಂದಿನವರು ಬರೆಯುವ ಮಸಿ ಮಾಡುತ್ತಿದ್ದರಲ್ಲ, ಅದೇ ಗುಣ ಇಲ್ಲಿ ಕೆಡುಕು ಮಾಡುವದು. ಕಟ್ಟಿಗೆಯ ಅಚ್ಚು ಇಲ್ಲದಿದ್ದರೆ ಕತ್ತರಿಯನ್ನು ತೆಳುವಾದ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿಕೊಳ್ಳಬೇಕು.

ಮೂರನೆಯದು ಅಳತೆ. ದಪ್ಪ ಕಾಗದವನ್ನು ಮಡಿಸಿ, ಮಡಿಕೆಯ ಗೆರೆಗೆ ವಸ್ತುವಿನ ಬೆನ್ನು ತಾಗುವಂತೆ ಇಟ್ಟು, ಸುತ್ತಲೂ ಪೆನ್ಸಿಲ್ ಗೆರೆ ಎಳೆಯಬೇಕು. ಆ ಗೆರೆಯ ಮೇಲೆಯೇ ಕತ್ತರಿಸಿದರೆ ಒರೆ ಸಾಲದಾಗುವದು. ವಸ್ತುವಿನ ದಪ್ಪದ ಅರ್ಧ, ತೊಗಲಿನ ದಪ್ಪ, ಹೊಲಿಗೆಯ ಅಂಚು ಈ ಮೂರನ್ನೂ ಕೂಡಿಸಿ ಆಚೆಗೆ ಇನ್ನೊಂದು ಗೆರೆ ಎಳೆಯಿರಿ. ಕತ್ತರಿ 20 ಮಿಲಿಮೀಟರ್ ದಪ್ಪವಿದ್ದರೆ ಅರ್ಧ 10, ತೊಗಲು 3, ಅಂಚು 8, ಒಟ್ಟು 21 ಮಿಲಿಮೀಟರ್ ಬಿಡಬೇಕು. ರಿವಾಲ್ವರಿನಲ್ಲಿ ಉರುಳೆ ಇರುವ ಕಡೆ ದಪ್ಪ ಹೆಚ್ಚು, ನಳಿಗೆಯ ಕಡೆ ಕಡಿಮೆ. ಆದ್ದರಿಂದ ಅಲ್ಲಿ ಗೆರೆ ಹೊಟ್ಟೆ ಬಿಟ್ಟು ಕೆಳಗೆ ಕಿರಿದಾಗುತ್ತ ಹೋಗುವದು. ಅದರ ಒರೆಯಲ್ಲಿ ತಪ್ಪಬಾರದ ನಿಯಮ ಒಂದಿದೆ: ಕುದುರೆ, ಅಂದರೆ ಬೆರಳಿಂದ ಎಳೆಯುವ ಭಾಗ, ಪೂರ್ತಿ ತೊಗಲಿನೊಳಗೆ ಮುಚ್ಚಿರಬೇಕು. ಅಲ್ಲಿ ಬೆರಳಾಗಲಿ, ಅಂಗಿಯ ಚುಂಗಾಗಲಿ, ಗಿಡದ ಕಡ್ಡಿಯಾಗಲಿ ಹೋಗಬಾರದು. ನಳಿಗೆಯ ತುದಿಯಲ್ಲಿ ಗುರಿ ನೋಡುವ ಮುಳ್ಳು ಇರುವದಷ್ಟೆ. ಅದು ತೊಗಲನ್ನು ಕೆರೆಯದಂತೆ ಹಿರಿಯರು ಅಚ್ಚಿನ ಮೇಲೆ ಒಂದು ಸಣ್ಣ ಕಡ್ಡಿಯನ್ನು ಅಂಟಿಸಿ ದಾರಿ ಬಿಡಿಸಿದರು. ಇದು ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ, ಹಳೆಯ ಒರೆಯ ಒಳಮೈಯ ಗೀರನ್ನು ನೋಡಿ ತಿಳಿದದ್ದು.

ಹೊಲಿಗೆಯ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ರಂಪಿಯಿಂದ ತೊಗಲನ್ನು ಕೊಯ್ದ ಮೇಲೆ, ಅಂಚಿನಿಂದ ಸಮಾನ ದೂರದಲ್ಲಿ ಸಣ್ಣ ಕಾಲುವೆಯಂತೆ ಗೆರೆ ತೋಡಿ, ಅದರಲ್ಲಿ 5 ಮಿಲಿಮೀಟರಿಗೆ ಒಂದರಂತೆ ಆರೆಯಿಂದ ತೂತು ಹಾಕಿದರು. ಗೆರೆಯನ್ನು ತೋಡುವದೇಕೆಂದರೆ ದಾರ ತೊಗಲಿನ ಮಟ್ಟದಿಂದ ಕೆಳಗೆ ಕೂಡಬೇಕು. ಮೇಲೆ ಎದ್ದ ದಾರ ಉಜ್ಜಿ ಹರಿಯುವದು. ಜೇನುಮೇಣ ತಿಕ್ಕಿದ ಒಂದೇ ದಾರ, ಎರಡು ತುದಿಗೆ ಎರಡು ಸೂಜಿ. ಪ್ರತಿಯೊಂದು ತೂತಿನಲ್ಲಿ ಆ ಕಡೆಯ ಸೂಜಿ ಈ ಕಡೆಗೆ, ಈ ಕಡೆಯದು ಆ ಕಡೆಗೆ. ಎರಡೂ ಕೈಯಿಂದ ಒಂದೇ ಸಮನಾಗಿ ಎಳೆಯಬೇಕು. ಮಿಶಿನ್ ಹೊಲಿಗೆಯಲ್ಲಿ ಮೇಲಿನ ದಾರ, ಕೆಳಗಿನ ದಾರ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. ಒಂದು ಕಡೆ ಹರಿದರೆ ಸಾಲಾಗಿ ಸಡಿಲುತ್ತ ಹೋಗುವದು. ಕೈಹೊಲಿಗೆಯಲ್ಲಿ ಒಂದು ಎಳೆ ಹರಿದರೂ ಇನ್ನೊಂದು ಎಳೆ ಅದೇ ತೂತಿನಲ್ಲಿ ಹಿಡಿದು ನಿಂತಿರುವದು. ಸುಬೇದಾರರ ಹಳೆಯ ಒರೆ ಬಿಚ್ಚಿದ್ದು ಮಿಶಿನ್ ಹೊಲಿಗೆಯದಾದ್ದರಿಂದಲೇ. ಮಿಶಿನ್ನಿನ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಇದು ಮಿಶಿನ್ನಿನ ಕೆಲಸವಲ್ಲ.

ಹೊಲಿದ ಒರೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ, ಗುಳ್ಳೆ ಏಳುವದು ನಿಲ್ಲುವವರೆಗೆ ಅದ್ದಿ, ತೆಗೆದು ಇಡಬೇಕು. ಮೇಲಿನ ಬಣ್ಣ ತಿರುಗಿ ತಿಳಿಯಾಗತೊಡಗಿದಾಗ ತೊಗಲು ಹದಕ್ಕೆ ಬಂತೆಂದು ತಿಳಿಯಬೇಕು. ಮಳೆಯಾದ ಮೇಲೆ ಹೊಲಕ್ಕೆ ವಾಪಸೆ ಬರುವದನ್ನು ನಾವು ಕಾಯುವದಿಲ್ಲವೇ, ಹಾಗೆಯೇ ಇದು. ಆಗ ಅಚ್ಚನ್ನು ಒಳಗಿಳಿಸಿ ಹೆಬ್ಬೆರಳಿಂದ, ನಯವಾದ ಕೋಡಿನ ತುಂಡಿನಿಂದ ಒತ್ತುತ್ತ ಹೋಗಬೇಕು. ಉಗುರು ತಾಗಬಾರದು, ತಾಗಿದರೆ ಗುರುತು ಉಳಿಯುವದು. ಉರುಳೆಯ ಉಬ್ಬು, ಅದರ ಹಿಂದಿನ ತಗ್ಗು, ಕುದುರೆಯ ಸುತ್ತಿನ ಕಂಬಿ ಒಂದೊಂದೇ ಹೊರಗೆ ಮೂಡುತ್ತ ಬರುವದು. ಒಣಗಿದ ಮೇಲೆ ಆ ತಗ್ಗುಗಳೇ ಒಳಗಿನ ವಸ್ತುವನ್ನು ಹಿಡಿದು ನಿಲ್ಲಿಸುವವು; ಮೇಲಿನ ಪಟ್ಟಿ, ಗುಂಡಿ ಇವೆಲ್ಲ ಎರಡನೆಯ ಕಾವಲು.

ನಾನು ಕೆಡಿಸಿದ್ದು ಇಲ್ಲಿಯೇ. ಮೊದಲನೆಯ ಒರೆಯನ್ನು ಒತ್ತಿ ಮುಗಿಸಿ, "ನೆರಳಿನಾಗ ಎರಡು ದಿನ ಇರಲಿ" ಎಂದು ಹೇಳಿ ಹಿರಿಯರು ಸಂತೆಗೆ ಹೋಗಿದ್ದರು. ಮರುದಿನ ಸುಬೇದಾರರು ಬರುವವರಿದ್ದರು. ಬೇಗ ತೋರಿಸಬೇಕೆಂಬ ಹುರುಪಿನಿಂದ ನಾನು ಅದನ್ನು ತಗಡಿನ ಮೇಲೆ ಮಧ್ಯಾಹ್ನದ ಬಿಸಿಲಿಗೆ ಇಟ್ಟೆ. ಸಂಜೆಗೆ ಅದು ಮುದುಡಿ, ಬಾಯಿ ಸೊಟ್ಟಗಾಗಿ, ಮಡಿಕೆಯಲ್ಲಿ ಸೀಳು ಬಿಟ್ಟಿತ್ತು. ಮೂರು ದಿನದ ಕೆಲಸ, ಒಳ್ಳೆಯ ಬೆನ್ನಿನ ತೊಗಲು. ಹಿರಿಯರು ಬಂದು ನೋಡಿದರು. ಬೈಯಲಿಲ್ಲ. ಅದನ್ನು ಕೈಯಲ್ಲಿ ತಿರುಗಿಸಿ, "ಹಸಿ ತೊಗಲು, ಹಸಿ ಗೋಡಿ, ಎರಡಕ್ಕೂ ಬೆಂಕಿ ತೋರಿಸಬಾರದು ತಮ್ಮಾ" ಎಂದು ಮೂಲೆಗೆ ಇಟ್ಟರು. ಅದುವರೆಗೆ ಸಾಹೇಬನಾಗಿದ್ದ ನಾನು ಆ ಹೊತ್ತಿನಿಂದ ತಮ್ಮನಾದೆ. ತೊಗಲಿನ ಹಣವನ್ನು ನಾನು ಕೊಟ್ಟೆ. ಅವರ ಮೂರು ದಿನದ ಕೂಲಿಯನ್ನು ಎಷ್ಟು ಹೇಳಿದರೂ ಅವರು ತೆಗೆದುಕೊಳ್ಳಲಿಲ್ಲ. ಎರಡನೆಯ ಒರೆ ನೆರಳಿನಲ್ಲಿಯೇ ಒಣಗಿತು. ಅಂಚನ್ನು ಒದ್ದೆ ಬಟ್ಟೆಯಿಂದ ತೇವ ಮಾಡಿ, ಕಟ್ಟಿಗೆಯಿಂದ ಉಜ್ಜಿ ಗಾಜಿನಂತೆ ಮಾಡಿದರು. ಮೇಲೆ ಜೇನುಮೇಣ ಸವರಿದರು. ಎಣ್ಣೆ ಮಾತ್ರ ಬಹಳ ಸ್ವಲ್ಪ. ಹೆಚ್ಚು ಕುಡಿಸಿದರೆ ಬಂದ ಆಕಾರ ಮೆತ್ತಗಾಗಿ ಹೋಗುವದು.

ಇದೇ ರೀತಿಯಿಂದ ಅವರು ನನಗೊಂದು ಚಾಟಣಿ ಕತ್ತರಿಯ ಒರೆ ಮಾಡಿಕೊಟ್ಟರು. ನೋಡಿರಿ, ಇದೇ ಅದು. ಕೈಯಿಂದ ಕೈಗೆ ಕಳಿಸುತ್ತೇನೆ. ಒಂದೇ ಕೈಯಿಂದ ಹಾಕಿ ತೆಗೆದು ನೋಡಿರಿ. ತಲೆಕೆಳಗೆ ಮಾಡಿದರೂ ಕತ್ತರಿ ಬೀಳುವದಿಲ್ಲ. ಹರಿತವಾದ ವಸ್ತುವಿನ ಒರೆಗೆ ಒಂದು ಹೆಚ್ಚಿನ ಕೆಲಸವಿದೆ: ಹೊಲಿಗೆಯ ಎರಡು ಪದರಿನ ನಡುವೆ ತೊಗಲಿನ ಇನ್ನೊಂದು ಪಟ್ಟಿಯನ್ನು ಸೇರಿಸಿ ಹೊಲಿಯಬೇಕು. ಆಗ ಅಲಗು ಆ ಪಟ್ಟಿಗೆ ತಾಗುವದೇ ಹೊರತು ದಾರವನ್ನು ಕೊಯ್ಯುವದಿಲ್ಲ. ತಳದಲ್ಲಿ ಒಂದು ಸಣ್ಣ ತೂತು ಬಿಡಿಸಿರಿ, ನೀರು ಮತ್ತು ಕಸ ಅಲ್ಲಿಂದ ಹೋಗಲಿ. ಕೊಯ್ತಾದ ತುದಿ ಬಾಗಿರುವದರಿಂದ ಅದರ ಒರೆಯನ್ನು ಬೆನ್ನಿನ ಕಡೆ ತೆರೆದು, ಮೇಲೆ ಪಟ್ಟಿ ಹಾಕಿಸಬೇಕು. ಪಟ್ಟಿಗೆ ಏರಿಸುವಾಗ ಒರೆ ಸೊಂಟದ ಪಕ್ಕದಿಂದ ಸ್ವಲ್ಪ ಹಿಂದೆ ಬರಲಿ. ಮುಂದೆ ಇದ್ದರೆ ಬಾಗಿದಾಗ ಹೊಟ್ಟೆಗೆ ಒತ್ತುವದು. ರಾತ್ರಿ ಕತ್ತರಿಯನ್ನು ಒರೆಯಲ್ಲಿಯೇ ಬಿಡಬೇಡಿರಿ. ತೊಗಲು ಗಾಳಿಯ ತೇವವನ್ನು ಹೀರಿಟ್ಟುಕೊಳ್ಳುವದರಿಂದ ಒಳಗಿನ ಉಕ್ಕಿಗೆ ತುಕ್ಕು ಬರುವದು. ಸುಬೇದಾರರೂ ಹಾಗೆಯೇ, ರಿವಾಲ್ವರನ್ನು ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡುವಾಗ ಒರೆಯನ್ನು ಬೇರೆ ಇಡುತ್ತಾರೆ.

ಪೇಟೆಯಲ್ಲಿ ನೈಲಾನಿನ ಚೀಲ ಸಿಗುವದಲ್ಲ ಎಂದು ಕೇಳುವಿರಿ. ಸಿಗುವದು, ಅಗ್ಗವೂ ಹೌದು. ಕೈಯಲ್ಲಿ ಹಣವಿಲ್ಲದಿದ್ದರೆ ಅದನ್ನೇ ತನ್ನಿರಿ, ಬರಿಯ ಕಿಸೆಗಿಂತ ನೂರು ಪಾಲು ಮೇಲು. ಆದರೆ ಅಲಗು ಅದನ್ನು ಬೇಗ ಕೊಯ್ಯುವದು, ಮತ್ತು ಅದರ ಬಾಯಿ ಮುಚ್ಚಿಕೊಳ್ಳುವದರಿಂದ ತಿರುಗಿ ಇಡಲು ಇನ್ನೊಂದು ಕೈ ಬೇಕು.

ಹಣದ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಅಜ್ಜಂದಿರ ಕಾಲದಲ್ಲಿ ಮಿಣಿ, ಬಾರಕೋಲು, ಬಾವಿಯಿಂದ ನೀರೆತ್ತುವ ತೊಗಲಿನ ಚೀಲ, ಕಾಲಿನ ಮೆಟ್ಟು ಎಲ್ಲವನ್ನೂ ಈ ಮನೆತನಗಳೇ ಮಾಡಿಕೊಡುತ್ತಿದ್ದವು. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಆಯ ಪಡೆಯುತ್ತಿದ್ದರು. ಕೊಟ್ಟಷ್ಟು ಕಾಳು, ಆಡಿದಷ್ಟು ಮಾತು. ಆಯ ಹೋಯಿತು, ಒಳ್ಳೆಯದೇ ಆಯಿತು. ಆದರೆ ಅದರ ರೂಢಿ ನಮ್ಮ ನಾಲಿಗೆಯಲ್ಲಿ ಉಳಿದಿದೆ. ಈ ಕತ್ತರಿಯ ಒರೆಗೆ ಎರಡು ದಿನದ ಕೆಲಸ ಹಿಡಿಯುವದು. ಅಂದ ಮೇಲೆ ತೊಗಲಿನ ಬೆಲೆಯ ಮೇಲೆ ಗೌಂಡಿಗೆ ಕೊಡುವ ಎರಡು ದಿನದ ಪಗಾರ ಕೊಡಬೇಕು. ಗೌಂಡಿಯ ಕೂಡ ಚೌಕಾಸಿ ಮಾಡದವರು ಇಲ್ಲಿ ಮಾತ್ರ ಚಹಾದ ಹಣ ಕೊಟ್ಟು ಎದ್ದು ಬರುವದು ನನ್ನ ಕಣ್ಣಿಗೆ ಬಿದ್ದಿದೆ. ಅಂಗಳದ ಆಚೆ ನಿಂತು ಹೆಸರು ಹಿಡಿದು ಕೂಗುವದೂ ಬಿದ್ದಿದೆ. ವಯಸ್ಸಿನಲ್ಲಿ ಚಿಕ್ಕವನಾದ ನಾನು ತಮಗೆ ಇದನ್ನು ಹೇಳಬೇಕಾಗಿ ಬಂದದ್ದಕ್ಕೆ ಸಂಕೋಚವಿದೆ. ಆದರೂ ಹೇಳುತ್ತೇನೆ: ಒಳಗೆ ಹೋಗಿ ಕೂಡ್ರಿರಿ, ಅವರು ನೀರು ಕೊಟ್ಟರೆ ಕುಡಿಯಿರಿ, ಆಮೇಲೆ ಅಳತೆ ಕೊಡಿರಿ.

ಹಿರಿಯರ ಮಗ ಕಾರಖಾನೆಯೊಂದರ ಕೆಲಸಕ್ಕೆ ಹೋಗುತ್ತಾನೆ. ಆರೆ ಹಿಡಿಯಲು ಅವನಿಗೆ ಬರುವದು, ಮನಸ್ಸಿಲ್ಲ. "ನಮ್ಮ ಚಪ್ಪಲಿ ಮುಂಬಯಿಯವರು ಹಾಕ್ಕೋತಾರ, ನಮ್ಮ ಊರವರು ಪ್ಲಾಸ್ಟಿಕ್ ಹಾಕ್ಕೋತಾರ್ರಿ. ಊರಾಗ ಕೆಲಸ ಇದ್ರ ನಾ ಯಾಕ ಬಸ್ ಹತ್ತಲಿ?" ಎಂದು ನನ್ನೆದುರಿಗೇ ಹೇಳಿದ. ನನ್ನ ಬಳಿ ಉತ್ತರವಿರಲಿಲ್ಲ. ಹತ್ತು ಕತ್ತರಿಯ ಒರೆಯಿಂದ ಒಂದು ಸಂಸಾರ ನಡೆಯುವದೆಂದು ನಾನು ಹೇಳಲಾರೆ. ಆದರೆ ದ್ರಾಕ್ಷಿಗೆ ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಚಾಟಣಿ ಮಾಡುತ್ತೇವೆ. ಒಂದೊಂದು ತೋಟಕ್ಕೆ ಎಷ್ಟು ಕತ್ತರಿಗಳು ಇಳಿಯುವವೆಂಬ ಲೆಕ್ಕ ತಮ್ಮ ಹತ್ತಿರವೇ ಇದೆ. ಚಾಟಣಿಯ ಟೋಳಿಯವರಿಗೆ ಒರೆ ಕೊಡುವದು ತೋಟದ ಯಜಮಾನರ ಹೊಣೆ ಎಂದು ನಾನು ತಿಳಿದಿದ್ದೇನೆ. ಔಷಧಿ ಹೊಡೆಯುವವನಿಗೆ ಮುಖಕ್ಕೆ ಬಟ್ಟೆ ಕೊಡುತ್ತೀರಲ್ಲ, ಅದರಂತೆಯೇ.

ಬರುವ ಸೋಮವಾರ ಎತ್ತು ಹೂಡುವದಿಲ್ಲ, ತಮಗೂ ಬಿಡುವಿರುವದು. ಮುಂಜಾನೆ ಹತ್ತಕ್ಕೆ ಹಿರಿಯರು ತಮ್ಮ ಮನೆಯ ಕಟ್ಟೆಯ ಮೇಲೆ ಅಳತೆ ತೆಗೆದುಕೊಳ್ಳಲು ಒಪ್ಪಿದ್ದಾರೆ. ಅವರ ಮಗನಿಗೂ ಅಂದು ರಜೆ. ಕತ್ತರಿ ತರುವವರು ಅಂಟು ತೊಳೆದು, ಒರೆಸಿ, ಕೊಂಡಿ ಹಾಕಿ ತನ್ನಿರಿ. ಕೊಯ್ತಾ, ಕುಡಗೋಲು ತರುವವರು ಗೋಣಿತಟ್ಟಿನಲ್ಲಿ ಸುತ್ತಿಕೊಂಡು ಬನ್ನಿರಿ. ರಿವಾಲ್ವರ್ ಇದ್ದವರು ಯಾರಾದರೂ ಇದ್ದರೆ ಅದನ್ನು ಮನೆಯಲ್ಲಿ ಬೀಗದೊಳಗೆ ಇಟ್ಟು, ಕಟ್ಟಿಗೆಯ ಅಚ್ಚನ್ನು ಮಾತ್ರ ತರಬೇಕು. ಆ ಒರೆ ಎಲ್ಲಿಯವರೆಗೆ ಹೋಯಿತು? ಈಚೆಗೆ ಕಳಿಸಿರಿ, ತಾಯಂದಿರೂ ನೋಡಲಿ.